ಮುನಿರಾಮಯ್ಯನ ಪಾಲಿಗೆ ಬಂದ ಬಾಗಿಲು

ಮನುಷ್ಯನಿಗೆ ಬುದ್ಧಿ ಸ್ವಲ್ಪ ಕಡಿಮೆಯಿದ್ದರೆ ದೇವರು ಹೇಗೋ ಕಾಪಾಡುತ್ತಾನೆ. ಬುದ್ಧಿಯೂ ಕಡಿಮೆ, ಅದರ ಮೇಲೆ ಮನೆತನದ ಹೆಮ್ಮೆಯೂ ಇದ್ದರೆ ದೇವರು ಕೈ ಒರೆಸಿಕೊಂಡು ಅಂಥವನನ್ನು ಸರ್ಕಾರಕ್ಕೆ ಒಪ್ಪಿಸಿಬಿಡುತ್ತಾನೆ. ರಾಜಾಜಿನಗರದ ಮುನಿರಾಮಯ್ಯನ ವಿಷಯದಲ್ಲಿ ಆದದ್ದು ಇಷ್ಟೇ.

ಮುನಿರಾಮಯ್ಯ ಬಿನ್ನಿಪೇಟೆ ಕಡೆಯ ಒಂದು ಗಿರಣಿಯಲ್ಲಿ ಹಾಜರಿ ಗುಮಾಸ್ತ. ಬೆಳಗ್ಗೆ ಸೈರನ್ ಕೂಗಿದ ಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಗೀಟು ಎಳೆಯುವುದು ಅವನ ಕೆಲಸ. ಹದಿನಾಲ್ಕು ಸಂಸಾರಕ್ಕೆ ಒಂದೇ ನಲ್ಲಿಯಿದ್ದ ವಠಾರದಲ್ಲಿ ಒಂಬತ್ತು ವರ್ಷ ಕಳೆದು, ಹೆಂಡತಿ ಲಿಂಗಮ್ಮನಿಂದ ದಿನಕ್ಕೆರಡು ಸಲ ಅನ್ನಿಸಿಕೊಂಡು, ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿ, ಕೊನೆಗೆ ಹೊಸ ಬಡಾವಣೆಯಲ್ಲಿ ಒಂದು ಸರ್ಕಾರಿ ಮನೆ ಮಂಜೂರು ಮಾಡಿಸಿಕೊಂಡಿದ್ದ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಬೇಲಿಯಿಲ್ಲದ ಅಂಗಳ. ಸಾಲಿನಲ್ಲಿ ಕಡೆಯ ಮನೆ, ನಂಬರು ನೂರ ಹದಿಮೂರು. ಅದರಾಚೆ ರಾಗಿ ಹೊಲ. ಮನೆ ಮಂಜೂರು ಮಾಡುವ ಆ ಕಚೇರಿಯ ಹೆಸರು ಮಾತ್ರ ಕೇಳಬೇಡಿ. ನನಗೂ ಒಂದು ಅರ್ಜಿ ಅಲ್ಲಿ ಬಾಕಿಯಿದೆ.

ಮೈಸೂರು ರಾಜ್ಯ ಹಿಗ್ಗಿ ದೊಡ್ಡದಾದ ಮಾರನೆಯ ವರ್ಷ ಕೆಂಗೇರಿಯಿಂದ ಹೇಳಿಕಳಿಸಿದರು. ಹಳೆಮನೆ ಕೆಡವುತ್ತೇವೆ, ಸಾಮಾನು ಪಾಲಾಗಬೇಕು, ಕೂಡಲೇ ಬಾ ಅಂತ. ಹೇಳಿಕಳಿಸಿದವನು ದೊಡ್ಡಪ್ಪನ ಮಗ ದೊಡ್ಡಣ್ಣ. ಬೆಲ್ಲದ ವ್ಯಾಪಾರಿ. ಅವನ ಮಾತೂ ಬೆಲ್ಲವೇ, ಇರುವೆ ಮುತ್ತುವುದು ಮಾತ್ರ ಕೇಳಿದವನಿಗೆ. ಹೊಲ ಗದ್ದೆ, ಮನೆ ಜಾಗ ಎಲ್ಲ ಅಪ್ಪಂದಿರ ಕಾಲದಲ್ಲೇ ಹಂಚಿಹೋಗಿತ್ತು. ಜಾಗ ದೊಡ್ಡಣ್ಣನ ಭಾಗಕ್ಕೆ ಬಂದಿದ್ದರಿಂದ ಅವನು ಅಲ್ಲಿ ಬೆಲ್ಲದ ಮಂಡಿ ಕಟ್ಟಿಸುವವನಿದ್ದ. ಇನ್ನು ಉಳಿದದ್ದು ತಾತನ ಕಾಲದ ಮರಮುಟ್ಟು, ಪಾತ್ರೆ ಪಡಗ ಮತ್ತು ಎಂಬತ್ತು ದಾಟಿದ ಅಜ್ಜಿ ಅಕ್ಕಯ್ಯಮ್ಮ.

ಪಾಲು ಮಾಡುವುದಕ್ಕೆ ನಮ್ಮ ಕಡೆ ಒಂದು ಪದ್ಧತಿಯಿದೆ. ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಇದರಲ್ಲಿ ಮೋಸಕ್ಕೆ ಎಡೆಯೇ ಇಲ್ಲವೆಂದು ಹಿಂದಿನವರು ನಂಬಿದ್ದರು. ಹಿಂದಿನವರಿಗೆ ದೊಡ್ಡಣ್ಣನ ಪರಿಚಯವಿರಲಿಲ್ಲ.

ದೊಡ್ಡಣ್ಣ ಪಡಸಾಲೆಯ ಒಂದು ಕಡೆ ಬೀಟೆ ಮರದ ಮಂಚ, ಕನ್ನಡಿಯಿದ್ದ ಬೀರು, ಇಡೀ ಮನೆಗೆ ನೀರು ಕಾಯುವಂಥ ತಾಮ್ರದ ಹಂಡೆ, ಕೊಳಗ, ಕೊಪ್ಪರಿಗೆ ಎಲ್ಲ ಜೋಡಿಸಿದ. ಇನ್ನೊಂದು ಕಡೆ ನೆಲ ಖಾಲಿಯಾಗಿತ್ತು.

"ಎಲ್ಲಪ್ಪ ಎರಡ್ನೇ ಪಾಲು?" ಅಂತ ಊರ ಯಜಮಾನ ಮುನಿವೆಂಕಟಪ್ಪ ಕೇಳಿದ.

ದೊಡ್ಡಣ್ಣ ತಲೆಬಾಗಿಲಿನ ಕಡೆ ಕೈ ಮಾಡಿದ. ಹೊನ್ನೆ ಮರದ ಜೋಡಿ ಬಾಗಿಲು ಅದು. ಏಳೂವರೆ ಅಡಿ ಎತ್ತರ, ಐದು ಅಡಿ ಅಗಲ, ಮೈತುಂಬ ಹಿತ್ತಾಳೆಯ ಗುಬ್ಬಿಮೊಳೆ, ನೆತ್ತಿಯ ಮೇಲೆ ಗಜಲಕ್ಷ್ಮಿ, ಕೆಳಗೆ ಮೊಳದಗಲದ ಹೊಸ್ತಿಲು.

"ಆ ಕಡೆ ಬಿಡಿ ಸಾಮಾನು, ಈ ಕಡೆ ನಮ್ಮ ವಂಶದ ಬಾಗ್ಲು," ಅಂದ ದೊಡ್ಡಣ್ಣ. "ಬಾಗ್ಲು ಯಾರ ಹತ್ರ ಐತೋ ಮನೆತನ ಅವರ್ದು. ಆದ್ರೆ ಮುನಿರಾಮ, ನನ್ನ ಮಾತು ಕೇಳು, ನೀನು ಮಂಚ ಹಂಡೇನೇ ತಗೊ. ಬಾಗ್ಲು ಇಟ್ಕೊಳೋಕೆ ಯೋಗ್ತೆ ಬೇಕು. ನೀನು ಪಾಪ, ಸರ್ಕಾರಿ ಗೂಡಲ್ಲಿರೋನು."

ಇಪ್ಪತ್ತು ಜನರ ಎದುರಿಗೆ 'ಪಾಪ' ಅನ್ನಿಸಿಕೊಂಡದ್ದು ಮುನಿರಾಮಯ್ಯನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅದೂ ಅಲ್ಲದೆ, 'ನಮ್ಮ ಊರಮನೆ ಬಾಗಿಲಲ್ಲಿ ಆನೆ ಬರಬಹುದು' ಎಂದು ಅವನು ಗಿರಣಿಯಲ್ಲಿ ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದ. ಆ ಬಾಗಿಲನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಹಂಡೆ ಹೊತ್ತುಕೊಂಡು ಹೋಗುವುದೆಂದರೇನು! ಎದ್ದು ನಿಂತು, "ಬಾಗಿಲೇ ನನಗಿರಲಿ!" ಎಂದುಬಿಟ್ಟ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಕ್ಕಯ್ಯಮ್ಮ ಕುಟ್ಟಾಣಿ ಕೆಳಗಿಟ್ಟು ತನ್ನ ಬಟ್ಟೆಗಂಟು ಎತ್ತಿಕೊಂಡಳು.

"ಹಂಗಾರೆ ನಡಿ. ಒಂಬತ್ತು ವರ್ಸದೋಳು ಆ ಹೊಸ್ಲ ಮ್ಯಾಲೆ ಸೇರು ಒದ್ದು ಈ ಮನೆಗೆ ಬಂದೋಳು ನಾನು. ಬಾಗ್ಲು ಎಲ್ಲಿರ್ತದೋ ನಾನೂ ಅಲ್ಲೇ. ಬಾಗ್ಲು ಯಾರ್ದೋ ನನ್ನ ನೋಡ್ಕಳೋ ಭಾರ ಅವರ್ದು."

ದೊಡ್ಡಣ್ಣ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಒಂದೇ ಏಟಿಗೆ ಎರಡು ಭಾರ ಇಳಿದರೆ ಯಾರಿಗಾದರೂ ಕಣ್ಣು ತುಂಬುತ್ತದೆ. "ಬೇಜಾರು ಮಾಡ್ಕಬೇಡ ಕಣಜ್ಜಿ, ನಾನೂ ಬೆಂಗ್ಳೂರಲ್ಲಿ ಒಂದು ಮನೆಗೆ ಅರ್ಜಿ ಹಾಕಿದೀನಿ. ಸರದಿ ಬಂದ್ರೆ ನಿನ್ನ ಹತ್ರಾನೇ ಬಂದ್ಬುಡ್ತೀನಿ," ಎಂದು ಸಮಾಧಾನ ಹೇಳಿದ.

ಇತ್ತ ಲಿಂಗಮ್ಮ ಹಂಡೆ ಬರುತ್ತದೆಂದು ಬಚ್ಚಲಲ್ಲಿ ಒಲೆ ಹಾಕಿಸಿ, ಅದನ್ನು ಸಾರಿಸಿ, ರಂಗೋಲಿಯನ್ನೂ ಎಳೆದಿದ್ದಳು. ಮಾಗಡಿ ರಸ್ತೆ ಟೋಲ್‌ಗೇಟು ದಾಟಿ ಎತ್ತಿನಗಾಡಿ ಬಂದು ನಿಂತಿತು.

"ಹಂಡೆ ಎಲ್ರೀ?"

"ಬಾಗಿಲು ತಂದಿದೀನಿ."

"ನಾನು ಕೇಳಿದ್ದು ಹಂಡೆ."

"ಮೇಲುಗಡೆ ನೋಡೇ, ಗಜಲಕ್ಷ್ಮಿ ಇದಾಳೆ."

"ಅವಳು ನೀರು ಕಾಯಿಸ್ತಾಳಾ?"

ಮುನಿರಾಮಯ್ಯ ಗಾಡಿಯ ಹಗ್ಗ ಬಿಚ್ಚತೊಡಗಿದ. ಬಾಗಿಲನ್ನು ಒಳಗೆ ಸಾಗಿಸಲು ಆರು ಜನ ಕೈ ಹಾಕಿದರು. ಮನೆಯ ಬಾಗಿಲು ಎರಡೂವರೆ ಅಡಿ. ಆನೆ ಬರುವ ಬಾಗಿಲು ಮುನಿರಾಮಯ್ಯ ಬರುವ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರು, ಉದ್ದ ಹಿಡಿದರು, ಓರೆ ಹಿಡಿದರು. ಗೋಡೆಯ ಸುಣ್ಣ ಉದುರಿತೇ ಹೊರತು ಬಾಗಿಲು ಒಂದಂಗುಲ ಒಳಗೆ ಹೋಗಲಿಲ್ಲ.

ಅಂಗಳದಲ್ಲಿ ಮಲಗಿದ ಬಾಗಿಲಿನ ಸುತ್ತ ಬೀದಿಯೇ ಸೇರಿತು. ಇದನ್ನು ಏನು ಮಾಡಬೇಕೆಂಬುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಸಲಹೆಯಿತ್ತು. ಪಕ್ಕದ ನೂರ ಹನ್ನೆರಡರ ಪಾಪಮ್ಮ, "ಮಂಚ ಮಾಡ್ಸಿ, ಗಂಡ ಹೆಂಡ್ತಿ ಇಬ್ರೂ ಕಾಲು ಚಾಚಬಹುದು," ಅಂದಳು. ಒಬ್ಬರು ಉಯ್ಯಾಲೆ ಅಂದರು, ಒಬ್ಬರು ದನದ ಕೊಟ್ಟಿಗೆಗೆ ತಡಿಕೆ ಅಂದರು. ಲಿಂಗಮ್ಮ ಸೌದೆ ಅಂದಳು. ಬಡಗಿಯನ್ನೂ ಕರೆಸಿದ್ದಾಯಿತು. ಅವನು ಗರಗಸ ತೆಗೆದನೋ ಇಲ್ಲವೋ, ಅಕ್ಕಯ್ಯಮ್ಮ ಹೋಗಿ ಬಾಗಿಲ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಕೊಯ್ಯಪ್ಪ. ಎಲ್ಲಿಂದ ಸುರು ಮಾಡ್ತೀಯ, ಬಾಗ್ಲಿಂದ್ಲೋ ನನ್ನಿಂದ್ಲೋ?"

ಬಡಗಿ ಗರಗಸ ಚೀಲಕ್ಕೆ ಹಾಕಿಕೊಂಡು, ಅಜ್ಜಿಗೊಂದು ನಮಸ್ಕಾರ ಮಾಡಿ ಹೊರಟುಹೋದ. ತಾಯಿಯಿಲ್ಲದ ಮುನಿರಾಮಯ್ಯನನ್ನು ಸಾಕಿ ಬೆಳೆಸಿದವಳು ಅಕ್ಕಯ್ಯಮ್ಮ. ಅವಳ ಕಣ್ಣಲ್ಲಿ ನೀರು ನೋಡುವುದಕ್ಕಿಂತ ಅಂಗಳದಲ್ಲಿ ಬಾಗಿಲು ನೋಡುವುದೇ ವಾಸಿ ಎಂದು ಅವನಿಗೆ ಅನ್ನಿಸಿತು.

"ತಲೆಬಾಗ್ಲು ಮನಗಿರಬಾರ್ದು ಕಣ್ಲಾ, ಮನೆ ಮುಂದೆ ಹೆಣ ಬಿದ್ದಂಗೆ. ಎತ್ತಿ ನಿಲ್ಸು," ಅಂದಳು ಅಜ್ಜಿ.

ಎರಡು ಗುಂಡಿ ತೋಡಿ ಅಂಗಳದ ಮುಂಭಾಗದಲ್ಲಿ, ಕೆಂಗೇರಿಯಲ್ಲಿದ್ದ ಹಾಗೆಯೇ ಪೂರ್ವಕ್ಕೆ ಮುಖ ಮಾಡಿ, ಬಾಗಿಲನ್ನು ನಿಲ್ಲಿಸಿದರು. ಅಜ್ಜಿ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಕರ್ಪೂರ ಬೆಳಗಿದಳು. ಹಿಂದೆ ಗೋಡೆಯಿಲ್ಲ, ಅಕ್ಕಪಕ್ಕ ಏನೂ ಇಲ್ಲ, ಮೇಲೆ ಆಕಾಶ. ಬಾಗಿಲು ಮಾತ್ರ ಗಂಭೀರವಾಗಿ ನಿಂತಿತು.

ಅಂದಿನಿಂದ ಅಜ್ಜಿಯ ಕಾನೂನು ಜಾರಿಗೆ ಬಂತು. "ಹೊಸ್ಲು ಬಿಟ್ಟು ಪಕ್ಕದಲ್ಲಿ ನುಗ್ಗೋದು ಇಬ್ರೇ. ಒಂದು ನಾಯಿ, ಇನ್ನೊಂದು ಕಳ್ಳ." ಈ ಮಾತು ಕೇಳಿದ ಮೇಲೆ ಪಕ್ಕದಿಂದ ಬರಲು ಯಾರಿಗೆ ಧೈರ್ಯ? ಹಾಲಿನವನು ಬಾಗಿಲು ತಟ್ಟಿದ. ಅಂಚೆಯವನು ಚಿಲಕ ಬಡಿದ. ಪಾಪಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಒಳಗೆ, ಅಂದರೆ ಹೊರಗಿನಿಂದ ಹೊರಗೇ, ಬಂದಳು. ಮಧ್ಯಾಹ್ನ ಅಜ್ಜಿ ಅಗುಳಿ ಹಾಕಿ ಮಲಗಿದರೆ ಸಾಕ್ಷಾತ್ ಯಜಮಾನನಿಗೂ ಪ್ರವೇಶವಿರಲಿಲ್ಲ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದ ಮುನಿರಾಮಯ್ಯ ಬಿಸಿಲಲ್ಲಿ ನಿಂತು ಬಾಗಿಲು ತಟ್ಟುತ್ತಿದ್ದರೆ, ಹತ್ತು ಅಡಿ ದೂರದಲ್ಲಿ ಅಕ್ಕಿ ಆರಿಸುತ್ತಿದ್ದ ಲಿಂಗಮ್ಮ ಅವನನ್ನೇ ನೋಡುತ್ತ ಕೂತಿರುತ್ತಿದ್ದಳು.

"ಪಕ್ಕದಲ್ಲಿ ಬನ್ರೀ!"

"ಹೇಗೆ ಬರ್ಲೇ? ನಾಯಿ ಅಂತಾಳಲ್ಲ!"

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಬೀದಿಯ ಕಥೆಯಾಗಿಯೇ ಉಳಿಯುತ್ತಿತ್ತು. ಆದರೆ ಆ ತಿಂಗಳಲ್ಲೇ ಕಚೇರಿಯವರಿಗೆ ಬಡಾವಣೆಯ ಮನೆಗಳಿಗೆಲ್ಲ ಹೊಸದಾಗಿ ನಂಬರು ಬರೆಸಬೇಕೆಂಬ ಹುಮ್ಮಸ್ಸು ಬಂತು. ಗುರುಸಿದ್ದಯ್ಯ ಎಂಬ ಜವಾನ ಒಂದು ಕೈಯಲ್ಲಿ ಟಾರಿನ ಡಬ್ಬ, ಇನ್ನೊಂದು ಕೈಯಲ್ಲಿ ಕುಂಚ ಹಿಡಿದು ಸಾಲಿನ ಆ ತುದಿಯಿಂದ ಹೊರಟ. ಪಾಪಮ್ಮನ ಬಾಗಿಲ ಮೇಲೆ ನೂರ ಹನ್ನೆರಡು ಬರೆದು ಮುಂದೆ ಬಂದವನು ತಲೆಬಾಗಿಲು ನೋಡಿ ನಿಂತ. ಅವತ್ತು ಮುನಿರಾಮಯ್ಯನಿಗೆ ರಜ. ಹೊಸ್ತಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಯಾರದು ಸ್ವಾಮಿ ಈ ಬಾಗಿಲು?"

"ನಮ್ಮದೇ. ನಮ್ಮ ಮುತ್ತಾತನ ಕಾಲದ್ದು."

"ಅಬ್ಬಬ್ಬ! ಅರಮನೆ ಬಾಗಿಲು ಇದ್ದ ಹಾಗಿದೆ."

ಮುನಿರಾಮಯ್ಯನ ಎದೆ ಎರಡಂಗುಲ ಉಬ್ಬಿತು. ಸರ್ಕಾರವೇ ಟಾರಿನ ಡಬ್ಬ ಹಿಡಿದು ಬಂದು ಮೆಚ್ಚಿದೆ! ಲಿಂಗಮ್ಮನನ್ನು ಕೂಗಿ ಗುರುಸಿದ್ದಯ್ಯನಿಗೆ ಕಾಫಿ ಕೊಡಿಸಿದ. ಗುರುಸಿದ್ದಯ್ಯ ಕಾಫಿ ಕುಡಿದು, ಮೂತಿ ಒರೆಸಿಕೊಂಡು, ಕುಂಚ ಅದ್ದಿದ.

"ನೂರ ಹದಿಮೂರು ಇಲ್ಲಿ ಬರೀಲಾ?"

"ಬರೀರಿ. ಸ್ವಲ್ಪ ದೊಡ್ಡದಾಗೇ ಬರೀರಿ."

"ಹಿಂದೆ ಇನ್ನೊಂದು ಬಾಗಿಲು ಕಾಣುತ್ತಲ್ಲ, ಅದು ಯಾರದು?"

ಇಲ್ಲಿ ಮುನಿರಾಮಯ್ಯ 'ಅದೇ ನನ್ನ ಮನೆ, ಇದು ಬರೀ ಬಾಗಿಲು' ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅರಮನೆ ಬಾಗಿಲು ಅನ್ನಿಸಿಕೊಂಡ ಬಾಯಲ್ಲಿ ಎರಡು ಕೋಣೆಯ ಮಾತು ಹೇಗೆ ಬರಬೇಕು? "ಅದಾ... ಅದು ಹಿಂದಿನದು ಬಿಡಿ," ಎಂದು ಕೈ ಆಡಿಸಿದ.

"ನನಗೇನು ಸ್ವಾಮಿ? ಬಾಗಿಲಿಗೊಂದು ನಂಬರು ಅಂತ ಹೇಳಿದಾರೆ, ಬರೀತೀನಿ," ಎಂದು ಗುರುಸಿದ್ದಯ್ಯ ಹಿಂದಿನ ಬಾಗಿಲ ಮೇಲೆ ನೂರ ಹದಿನಾಲ್ಕು ಎಂದು ಬರೆದು ಹೊರಟುಹೋದ.

ಎರಡು ವಾರದಲ್ಲಿ ನೋಟೀಸು ಬಂತು. 'ನಿಮಗೆ ಮಂಜೂರಾಗಿರುವ 113ನೆಯ ಮನೆಯಲ್ಲಿ ವಾಸ ಮಾಡದೆ, ಯಾರಿಗೂ ಮಂಜೂರಾಗದ 114ನೆಯ ಮನೆಯನ್ನು ಅಕ್ರಮವಾಗಿ ಆಕ್ರಮಿಸಿಕೊಂಡಿರುವುದು ಕಂಡುಬಂದಿದೆ. ಏಳು ದಿನದೊಳಗೆ 113ಕ್ಕೆ ಹೋಗತಕ್ಕದ್ದು. ತಪ್ಪಿದಲ್ಲಿ ಮಂಜೂರಾತಿ ರದ್ದಾಗುವುದು.' ಮುನಿರಾಮಯ್ಯ ಅದನ್ನು ಮೂರು ಸಲ ಓದಿದ. ಒಂಬತ್ತು ವರ್ಷದ ನಲ್ಲಿ, ಕೊಡ, ಜಗಳ ಎಲ್ಲ ಕಣ್ಣ ಮುಂದೆ ಬಂತು. ಮತ್ತೆ ಆ ವಠಾರಕ್ಕೆ ಹೋಗುವುದಾದರೆ ಲಿಂಗಮ್ಮನಿಗೆ ಮುಖ ತೋರಿಸುವುದು ಹೇಗೆಂದು ನಿಜವಾಗಿಯೂ ಹೆದರಿದ.

ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ವೆಂಕಟರಮಣಪ್ಪನವರು ಕನ್ನಡಕ ಒರೆಸಿಕೊಂಡು ಫೈಲು ಬಿಚ್ಚಿದರು. ಕಾಗದದಲ್ಲಿ ಬರೆದದ್ದನ್ನು ಬಿಟ್ಟು ಲೋಕದಲ್ಲಿ ಬೇರೇನನ್ನೂ ನಂಬದ ನಿಷ್ಠಾವಂತರು ಅವರು.

"ನಿಮಗೆ ಮಂಜೂರಾದ ಮನೆ?"

"ನೂರ ಹದಿಮೂರು, ಸಾರ್."

"ಈಗ ಮಲಗೋದು ಎಲ್ಲಿ?"

"ನಮ್ಮನೇಲೇ."

"ಅದರ ಬಾಗಿಲ ಮೇಲೆ ಏನು ಬರೆದಿದೆ?"

"ನೂರ... ಹದಿನಾಲ್ಕು."

"ತಪ್ಪು ಒಪ್ಪಿಕೊಂಡ ಹಾಗಾಯ್ತು," ಎಂದು ವೆಂಕಟರಮಣಪ್ಪನವರು ಬರೆದುಕೊಂಡರು.

"ಸಾರ್, ನೂರ ಹದಿಮೂರು ಮನೆಯಲ್ಲ, ಬರೀ ಬಾಗಿಲು!"

"ನೋಡಿ ಮುನಿರಾಮಯ್ಯನವರೇ, ಮನೆಗೆ ಬಾಗಿಲು ಸರಿಯಿಲ್ಲ ಅಂತ ದಿನಾ ಹತ್ತು ಜನ ಬಂದು ಅಳ್ತಾರೆ. ಬಾಗಿಲು ಚೆನ್ನಾಗಿರೋ ಮನೆ ಬೇಡ ಅಂತ ಬಂದೋರು ನೀವೇ ಮೊದಲು."

"ಹಾಗಾದ್ರೆ ಅದನ್ನ ಕಿತ್ತುಹಾಕಿಬಿಡ್ತೀನಿ, ಸಾರ್."

ವೆಂಕಟರಮಣಪ್ಪನವರ ಲೇಖನಿ ನಿಂತಿತು. "ಏನನ್ನ? ನೂರ ಹದಿಮೂರನ್ನ? ರಿಜಿಸ್ಟರಲ್ಲಿರೋ ಸರ್ಕಾರಿ ಮನೇನ ನೆಲಸಮ ಮಾಡ್ತೀರಾ? ಅದಕ್ಕೆ ಬೇರೆ ಸೆಕ್ಷನ್ ಇದೆ, ಜೈಲು!"

ಅತ್ತ ದರಿ ಇತ್ತ ಪುಲಿ. ಬಾಗಿಲು ಇಟ್ಟರೆ ಮನೆ ಹೋಗುತ್ತದೆ, ಕಿತ್ತರೆ ಮನುಷ್ಯನೇ ಹೋಗುತ್ತಾನೆ. ಮುನಿರಾಮಯ್ಯ ಕಾಲೆಳೆದುಕೊಂಡು ಮನೆಗೆ ಬಂದು, ತಲೆಬಾಗಿಲು ತಟ್ಟಿ, ಅಜ್ಜಿ ಅಗುಳಿ ತೆಗೆಯುವವರೆಗೆ ಕಾದು, ಒಳಗೆ ಬಂದು ಎಲ್ಲವನ್ನೂ ಹೇಳಿದ. ಲಿಂಗಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಹಂಡೆ ತರುತ್ತೀನೆಂದು ಹೋದ ಗಂಡ ಇದ್ದ ಮನೆಯನ್ನೂ ಕಳೆದು ಬಂದನಲ್ಲ ಎಂದು ಅವಳ ಹೊಟ್ಟೆ ಉರಿಯಿತು.

ಅಕ್ಕಯ್ಯಮ್ಮ ಮಾತ್ರ ಎಲೆ ಅಡಿಕೆ ಅಗಿಯುತ್ತಲೇ ಇದ್ದಳು. "ನೂರ ಹದಿಮೂರರಲ್ಲಿ ವಾಸ ಇರ್ಬೇಕು ತಾನೆ? ಇರಾಣ. ಚಾಪೆ ಎತ್ಕ ಬಾ."

ಏಳನೆಯ ದಿನ ವೆಂಕಟರಮಣಪ್ಪನವರು ತನಿಖೆಗೆ ಬಂದರು. ತಲೆಬಾಗಿಲು ತಟ್ಟಿದರು. ಅಜ್ಜಿ ಬಾಗಿಲು ತೆರೆದು, "ಬಾರಪ್ಪ, ತಲೆ ಬಗ್ಗಿಸ್ಕಂಡು ಬಾ," ಎಂದು ಕರೆದು ಚಾಪೆ ಹಾಕಿ ಮಜ್ಜಿಗೆ ಕೊಟ್ಟಳು. ಬಾಗಿಲ ಹಿಂದೆ ಅಂಗಳದಲ್ಲಿ ಒಲೆ ಉರಿಯುತ್ತಿತ್ತು, ಹಾಸಿಗೆ ಸುತ್ತಿಟ್ಟಿತ್ತು, ಗೂಟಕ್ಕೆ ಕಟ್ಟಿದ ಹಗ್ಗದಲ್ಲಿ ಮುನಿರಾಮಯ್ಯನ ಕೋಟು ನೇತಾಡುತ್ತಿತ್ತು. ನೋಡಲು ಬೀದಿಯವರೆಲ್ಲ ಪಕ್ಕದಲ್ಲೇ ನಿಂತಿದ್ದರು. ಇನ್‌ಸ್ಪೆಕ್ಟರಿಗೆ ಗೋಡೆಯಿಲ್ಲದ್ದು ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡಿತು. ಆದರೆ ಅವರ ಫಾರಮಿನಲ್ಲಿ 'ಗೋಡೆ ಇದೆಯೇ' ಎಂಬ ಪ್ರಶ್ನೆಯಿರಲಿಲ್ಲ, 'ಗೋಡೆಯಲ್ಲಿ ಬಿರುಕು ಇದೆಯೇ' ಎಂದಿತ್ತು. ಅವರು ಪ್ರಾಮಾಣಿಕವಾಗಿ 'ಇಲ್ಲ' ಎಂದು ಬರೆದರು.

'113ರಲ್ಲಿ ವಾಸವಿದೆ. ಗಾಳಿ ಬೆಳಕು ಯಥೇಚ್ಛ. ಬಾಗಿಲು ಅತ್ಯುತ್ತಮ. ಗೋಡೆಯಲ್ಲಿ ಬಿರುಕಿಲ್ಲ. ಸೂರಿನಲ್ಲಿ ಸೋರಿಕೆ ಇಲ್ಲ. ಹಿಂದುಗಡೆ 114 ಎಂಬ ಸಣ್ಣ ಮನೆ ಖಾಲಿ ಇದೆ.'

ವರದಿಯ ಒಂದು ನಕಲನ್ನು ಮುನಿರಾಮಯ್ಯನ ಕೈಗೆ ಕೊಟ್ಟು, ಖಾಲಿಯಿದ್ದ ನೂರ ಹದಿನಾಲ್ಕಕ್ಕೆ ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕಿಕೊಂಡರು. "ನಿಮ್ಮ ಮನೆ ಭದ್ರವಾಯ್ತು, ಸಂತೋಷ ತಾನೆ? ಇದನ್ನ ಕಾಯೋರ ಪಟ್ಟೀಲಿ ಮೊದಲು ಇರೋರಿಗೆ ಕೊಡ್ತೀವಿ, ಕಾಗದ ಇವತ್ತೇ ಹೊರಡುತ್ತೆ. ಯಾರೋ ಕೆಂಗೇರಿಯೋರು. ಬೆಲ್ಲದ ವ್ಯಾಪಾರ, ದೊಡ್ಡಣ್ಣ ಅಂತೆ."

ಮುನಿರಾಮಯ್ಯ ಹೊಸ್ತಿಲ ಮೇಲೆ ಕುಸಿದು ಕೂತ. ಅವನಿಗೆ ಅಳುವೇ ಬಂತು. ಮಂಚ ಹೋಯಿತು, ಹಂಡೆ ಹೋಯಿತು, ಈಗ ತನ್ನದೇ ಎರಡು ಕೋಣೆಯೂ ದೊಡ್ಡಣ್ಣನ ಪಾಲು. ತಾನು ಹೆಂಡತಿಯನ್ನೂ ಮುದುಕಿಯನ್ನೂ ಕಟ್ಟಿಕೊಂಡು ಬಯಲಲ್ಲಿ ಕೂರಬೇಕು. ಅಜ್ಜಿ ಅವನ ತಲೆ ನೇವರಿಸಿದಳು.

"ನಾಳೆ ಕೆಂಗೇರಿಗೆ ಹೋಗು. ನೂರ ಹದಿಮೂರು ಹೆಂಗೈತೋ ಹಂಗೇ ಹೇಳು. ಸುಳ್ಳು ಒಂದಕ್ಸರ ಆಡಬ್ಯಾಡ."

"ನಿಜ ಹೇಳಿದ್ರೆ ಏನಜ್ಜಿ ಬರುತ್ತೆ?"

"ಹೇಳು ಮಗಾ. ಆ ದೊಡ್ಡಣ್ಣ ಹುಟ್ಟಿದಾಗಿಂದ ಯಾರ ನಿಜಾನೂ ನಂಬಿಲ್ಲ."

ಕೆಂಗೇರಿಯಲ್ಲಿ ದೊಡ್ಡಣ್ಣ ಮಂಜೂರಾತಿ ಪತ್ರ ಕೈಯಲ್ಲೇ ಹಿಡಿದುಕೊಂಡು ಊರೆಲ್ಲ ಒಂದು ಸುತ್ತು ಹಾಕಿ ಬಂದಿದ್ದ. ತಮ್ಮನನ್ನು ಕಂಡವನೇ ಹೆಂಡತಿ ರಾಮಕ್ಕನಿಗೆ ಹೇಳಿ ಬೆಲ್ಲ ನೀರು ಕೊಡಿಸಿದ.

"ಅಣ್ಣಾ, ದಮ್ಮಯ್ಯ, ನೂರ ಹದಿನಾಲ್ಕು ತಗೋಬೇಡ," ಅಂದ ಮುನಿರಾಮಯ್ಯ. "ನೀನು ಅದಕ್ಕೆ ಬಂದ್ರೆ ನಾವು ನೂರ ಹದಿಮೂರರಲ್ಲೇ ಇರ್ಬೇಕಾಗುತ್ತೆ."

"ಇರು. ಏನಾಗೈತೆ ಅದಕ್ಕೆ?"

"ಅದಕ್ಕೆ ಗೋಡೆ ಇಲ್ಲಣ್ಣ."

ದೊಡ್ಡಣ್ಣ ಕಣ್ಣು ಕಿರಿದು ಮಾಡಿದ. "ಗೋಡೆ ಇಲ್ವಾ?"

"ಸೂರೂ ಇಲ್ಲ. ನಮ್ಮ ತಲೆಬಾಗಿಲು ಒಂದೇ ಇರೋದು."

"ಕೈಲಿರೋ ಕಾಗ್ದ ಏನದು?"

ಮುನಿರಾಮಯ್ಯ ಇನ್‌ಸ್ಪೆಕ್ಟರ ವರದಿ ಕೊಟ್ಟ. ದೊಡ್ಡಣ್ಣ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಗಾಳಿ ಬೆಳಕು ಯಥೇಚ್ಛ. ಗೋಡೆಯಲ್ಲಿ ಬಿರುಕಿಲ್ಲ. ಸೋರಿಕೆ ಇಲ್ಲ. ಹಿಂದುಗಡೆ ಸಣ್ಣ ಮನೆ. ಓದಿ ಮುಗಿಸಿ ತಲೆಯೆತ್ತಿದಾಗ ಅವನ ಮುಖದಲ್ಲಿ ಕಳ್ಳನನ್ನು ಹಿಡಿದ ಪೊಲೀಸಿನವನ ಕಳೆಯಿತ್ತು.

"ಎಲಾ ಇವನ! ಗೋಡೆ ಇಲ್ಲ, ಸೂರಿಲ್ಲ ಅಂತ ಅತ್ತು ಕರೆದು, ಹಿಂದಿನ ಸಣ್ಣದನ್ನೂ ನೀನೇ ಹೊಡ್ಕಂಡು, ಎರಡೂ ಮನೆ ನುಂಗೋಣ ಅಂತ ಬಂದಿದೀಯ? ಐದಡಿ ಅಗಲದ ಬಾಗ್ಲು ಕಣೋ ಅದು! ಆ ಬಾಗ್ಲು ಹಿಡಿಸ್ಬೇಕು ಅಂದ್ರೆ ಮನೆ ಎಷ್ಟು ದೊಡ್ಡದಿರ್ಬೇಕು ಅಂತ ನನಗೆ ಲೆಕ್ಕ ಬರಲ್ವಾ?"

"ನಿಜ ಹೇಳ್ತಿದೀನಣ್ಣ, ಬಾಗಿಲ ಹಿಂದೆ ಬರೀ ಅಂಗಳ. ಕೋಳಿ ಓಡಾಡ್ತವೆ."

"ಅಂಗಳ ಬೇರೆ ಐತೆ, ಕೇಳಿದ್ಯೇನೇ ರಾಮಕ್ಕ!" ದೊಡ್ಡಣ್ಣ ತೊಡೆ ತಟ್ಟಿದ. "ನೋಡು ಮುನಿರಾಮ, ಹೋದ ಸಲ ನಾನು ಪಾಲು ಹಾಕ್ದೆ, ನೀನು ಆರಿಸ್ಕಂಡೆ. ಈ ಸಲ ನಾನು ಆರಿಸ್ತೀನಿ. ನೂರ ಹದಿಮೂರು ನಂದು, ಬಾಗ್ಲು ಸಮೇತ. ಹಿಂದಿನ ಗೂಡು ನಿಂದು."

"ಅಣ್ಣಾ, ಬೇಡ, ಆಮೇಲೆ ಬೈಕೋತೀಯ."

ಬೇಡ ಬೇಡವೆಂದಷ್ಟೂ ದೊಡ್ಡಣ್ಣನ ನಂಬಿಕೆ ಗಟ್ಟಿಯಾಯಿತು. ಆ ದಿನವೇ ತಮ್ಮನ ರಟ್ಟೆ ಹಿಡಿದು ಕಚೇರಿಗೆ ಎಳೆದುಕೊಂಡು ಬಂದ. ಮನೆ ಬದಲಾಯಿಸಿಕೊಳ್ಳುವವರಿಗೆ ಅಲ್ಲೊಂದು ಫಾರಂ ಇತ್ತು. ಇಬ್ಬರೂ ರುಜು ಹಾಕಿದರು. ಬಾಗಿಲನ್ನೂ ಸೇರಿಸಿ ಬರೆಯಿರಿ ಎಂದು ದೊಡ್ಡಣ್ಣ ಹಟ ಹಿಡಿದದ್ದರಿಂದ ವೆಂಕಟರಮಣಪ್ಪನವರು 'ತಲೆಬಾಗಿಲು ಮತ್ತು ಅದಕ್ಕೆ ಸೇರಿದ ಸಕಲವೂ' ಎಂದು ಸೇರಿಸಿ, ಮೊಹರು ಒತ್ತಿ, ನೂರ ಹದಿನಾಲ್ಕರ ಬೀಗದ ಕೈಯನ್ನು ಮುನಿರಾಮಯ್ಯನಿಗೆ ಕೊಟ್ಟರು. ಮುನಿರಾಮಯ್ಯ ಅದನ್ನು ಕಣ್ಣಿಗೊತ್ತಿಕೊಂಡ.

ಶುಕ್ರವಾರ ಬೆಳಗ್ಗೆ ಮುಹೂರ್ತ. ಎರಡು ಗಾಡಿಯಲ್ಲಿ ದೊಡ್ಡಣ್ಣನ ಸಂಸಾರ ಬಂತು. ಬೀಟೆ ಮಂಚ, ಕನ್ನಡಿ ಬೀರು, ಫಳಫಳ ಉಜ್ಜಿದ ತಾಮ್ರದ ಹಂಡೆ, ಓಲಗದವರು ಇಬ್ಬರು. ದೊಡ್ಡಣ್ಣ ಜರಿ ರುಮಾಲು ಸುತ್ತಿದ್ದ. ರುಮಾಲು ಕಣ್ಣಿಗೆ ಇಳಿದಿತ್ತೋ, ಹೆಮ್ಮೆ ಕಣ್ಣಿಗೆ ಏರಿತ್ತೋ, ಎದುರಿಗಿದ್ದ ಬಾಗಿಲೊಂದು ಬಿಟ್ಟು ಅದರ ಅಕ್ಕಪಕ್ಕ ಅವನಿಗೆ ಏನೂ ಕಾಣಲಿಲ್ಲ. ಬೀದಿಯವರು ಉಸಿರು ಬಿಗಿಹಿಡಿದು ನಿಂತಿದ್ದರು. ಹೇಳಬೇಕೆಂದು ಬಾಯಿ ತೆರೆದ ಗಾಡಿಯವನ ಬಾಯಿಗೆ ಪಾಪಮ್ಮ ಒಂದು ಬಾಳೆಹಣ್ಣು ತುರುಕಿದಳು.

ಬಾಗಿಲು ಮುಚ್ಚಿತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇತ್ತು. ಒಳಗಿನಿಂದ ಅಗುಳಿ ಸರಿಯಿತು. ಅಕ್ಕಯ್ಯಮ್ಮ ಎರಡು ಕದವನ್ನೂ ಹಾರೊಡೆದಳು.

"ಬಲಗಾಲಿಟ್ಟು ಬಾರವ್ವ."

ರಾಮಕ್ಕ ಸೇರು ಒದ್ದಳು. ಅಕ್ಕಿ ಚೆಲ್ಲಿತು, ನಾಲ್ಕು ಕೋಳಿ ಓಡಿಬಂದು ಹೆಕ್ಕತೊಡಗಿದವು. ಹಿಂದೆಯೇ ದೊಡ್ಡಣ್ಣ ತಲೆ ಬಗ್ಗಿಸಿ ಹೊಸ್ತಿಲು ದಾಟಿ, ರುಮಾಲು ಸರಿಮಾಡಿಕೊಂಡು, ಸಾವಕಾಶವಾಗಿ ತಲೆಯೆತ್ತಿದ. ಎಡಕ್ಕೆ ನೋಡಿದ, ರಾಗಿ ಹೊಲ. ಬಲಕ್ಕೆ ನೋಡಿದ, ಪಾಪಮ್ಮ. ಮೇಲೆ ನೋಡಿದ, ಒಂದು ಹದ್ದು ಹಾರುತ್ತಿತ್ತು. ಎದುರಿಗೆ ತನ್ನ ಎರಡು ಕೋಣೆಯ ಬಾಗಿಲಲ್ಲಿ ಮುನಿರಾಮಯ್ಯ ಕೈ ಕಟ್ಟಿಕೊಂಡು ನಿಂತಿದ್ದ.

"ಮನೆ ಎಲ್ಲೋ?"

"ಹೇಳಿದ್ನಲ್ಲಣ್ಣ..."

ದೊಡ್ಡಣ್ಣ ಹಿಂದಕ್ಕೆ ತಿರುಗಿ ಬಾಗಿಲು ನೋಡಿದ. ಗಜಲಕ್ಷ್ಮಿ ಈ ಬದಿಗೆ ಬೆನ್ನು ಮಾಡಿಕೊಂಡಿದ್ದಳು. ಓಲಗದವರು ನಿಲ್ಲಿಸಬೇಕೋ ಊದಬೇಕೋ ತಿಳಿಯದೆ ಒಬ್ಬ ನಿಲ್ಲಿಸಿದ, ಒಬ್ಬ ಊದಿದ. ಲಿಂಗಮ್ಮ ಗಾಡಿಯ ಹತ್ತಿರ ಹೋಗಿ ಹಂಡೆಯನ್ನು ಬೆರಳಿನಿಂದ ಟಣ್ ಎಂದು ಬಾರಿಸಿ, "ಬಯಲಲ್ಲಿಟ್ರೆ ಕಿಲುಬು ಹಿಡಿಯುತ್ತೆ ಭಾವ. ನಮ್ಮ ಬಚ್ಚಲಲ್ಲಿ ಒಲೆ ಸಿದ್ಧವಾಗಿದೆ, ಅಲ್ಲೇ ಇಟ್ಕೊಂಡಿರ್ತೀನಿ," ಎಂದು ಉತ್ತರಕ್ಕೆ ಕಾಯದೆ ಗಾಡಿಯವನ ಕೈಲಿ ಇಳಿಸಿಕೊಂಡಳು.

ಅಕ್ಕಯ್ಯಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಕುಟ್ಟಾಣಿ ಕೈಗೆತ್ತಿಕೊಂಡಳು.

"ಬಾಗ್ಲು ಯಾರ್ದೋ ನಾನೂ ಅವರ್ದೇ ಅಂತ ಊರ ಯಜಮಾನರ ಮುಂದೇನೇ ಹೇಳಿದ್ನಲ್ಲೇನಪ್ಪ ದೊಡ್ಡಣ್ಣ? ಈಗ ಬಾಗ್ಲು ನಿಂದು. ನಿನ್ನ ಮನೆಗೆ ಸೂರು ಬೀಳೋವರ್ಗೂ ಮುನಿರಾಮನ ಮನೇಲಿ ಮನೀಕತೀನಿ. ಊಟ ಮಾತ್ರ ನಿಂದೇ. ಒಲೆ ಹಚ್ಚು, ಹೊತ್ತಾಯ್ತು."